ಮುಪ್ಪಿನವರ ಒಂಟಿ ನಡಿಗೆಗೆ ಯಾರ ಅಪ್ಪಣೆ?

ಅರವತ್ತು ದಾಟಿದವರೊಬ್ಬರು ಹೆಗಲಿಗೆ ಚೀಲ ಹಾಕಿಕೊಂಡು, ಒಬ್ಬರೇ ನಾಲ್ಕು ದಿನ ಗುಡ್ಡಗಾಡು ಸುತ್ತಿ ಬರುತ್ತೇನೆಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮೊದಲು ನಗು, ಆಮೇಲೆ ಸಿಟ್ಟು. ಕೊನೆಗೆ, 'ಜನ ಏನಂದಾರು? ಮಕ್ಕಳು ಅನ್ನ ಹಾಕಲಿಲ್ಲ ಅಂತಾರೆ' ಎಂಬ ಮಾತು. ನಮ್ಮ ನಿಜವಾದ ಭಯವಿರುವುದು ಈ ಕೊನೆಯ ಮಾತಿನಲ್ಲಿ. ಅದು ಹಿರಿಯರ ಮೊಣಕಾಲಿನ ಬಗ್ಗೆ ಅಲ್ಲ, ನಮ್ಮ ಮರ್ಯಾದೆಯ ಬಗ್ಗೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಇದನ್ನು ವಾದಿಸಿ ಹೇಳಬೇಕಾಗಿ ಬಂದಿರುವುದೇ ವಿಚಿತ್ರ. ಇದು ನಡೆದೇ ಬದುಕಿದ ನಾಡು. ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಬಯಲಲ್ಲಿ ಮಲಗೆದ್ದವರಿಗೆ ಒಂದು ಕಂಬಳಿಯೇ ಹಾಸಿಗೆ, ಅದೇ ಹೊದಿಕೆ, ಮಳೆ ಬಂದರೆ ಅದೇ ಕೊಪ್ಪೆ. ಮೈಲಾರದ ಗೊರವಯ್ಯ ಕರಡಿ ಕೂದಲಿನ ಟೊಪ್ಪಿಗೆ ತೊಟ್ಟು, ಡಮರುಗ ಹಿಡಿದು ಊರೂರು ತಿರುಗಿದ. ಫಕೀರರು ದರ್ಗಾದಿಂದ ದರ್ಗಾಕ್ಕೆ ನಡೆದರು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಇಂದಿಗೂ ಪಾದಯಾತ್ರೆ ಬರುತ್ತದೆ. ಅದರಲ್ಲಿ ಹಣ್ಣು ಮುದುಕರಿದ್ದರೂ ಯಾರೂ ತಡೆಯುವುದಿಲ್ಲ. ಹರಕೆ ಹೊತ್ತು ನಡೆದರೆ ಭಕ್ತಿ, ಹೊಟ್ಟೆಪಾಡಿಗೆ ನಡೆದರೆ ಕಸುಬು. ಸುಮ್ಮನೆ ಮನಸ್ಸಿಗೆ ಬಂತೆಂದು ನಡೆದರೆ ಮಾತ್ರ ಅರಳುಮರಳು!

ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬಾಕೆ 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಅಪ್ಪಲಾಚಿಯನ್ ಬೆಟ್ಟಸಾಲಿನ ಕಾಲುದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಸುಮಾರು 3,300 ಕಿಲೋಮೀಟರ್. ಹನ್ನೊಂದು ಮಕ್ಕಳ ತಾಯಿ. ಗಂಡನ ಹೊಡೆತಗಳನ್ನು ವರ್ಷಗಟ್ಟಲೆ ತಿಂದು, ಕಡೆಗೆ ಬಿಡುಗಡೆ ಪಡೆದವಳು. ಮಕ್ಕಳಿಗೆ ಹೇಳಿದ್ದು, ಸ್ವಲ್ಪ ನಡೆದಾಡಿ ಬರುತ್ತೇನೆಂದಷ್ಟೇ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ನಮ್ಮ ಕುರಿಗಾಹಿ ಈಕೆಯನ್ನು ನೋಡಿದ್ದರೆ ಸಾಮಾನಿನ ವಿಷಯದಲ್ಲಿ ಅಚ್ಚರಿಪಡುತ್ತಿರಲಿಲ್ಲ. ಅಚ್ಚರಿಯೆಂದರೆ, ಆಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಮ್ಮ ಅಮ್ಮಂದಿರು ಪಕ್ಕದ ಓಣಿಯ ಮದುವೆಗೆ ಹೋಗಲೂ ಮಗನ ಮುಖ ನೋಡಬೇಕು.

ಕರಡಿ ಇದೆಯಲ್ಲ, ಎನ್ನುತ್ತೀರಿ. ಇದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ 2013ರಿಂದ ಕರಡಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಅದರೊಳಗೆ ಅಲೆದಾಡುವಂತಿಲ್ಲ. ಅಲೆದಾಡಿ ಎಂದು ನಾವು ಹೇಳುತ್ತಲೂ ಇಲ್ಲ. ಧಾಮದ ಹೊರಗೂ ಮುಸ್ಸಂಜೆಯಿಂದ ಮುಂಜಾವಿನವರೆಗೆ ಬಂಡೆ, ಪೊದೆಗಳಿಂದ ದೂರವಿರಬೇಕು, ಊರಿನ ಹತ್ತಿರವೇ ತಂಗಬೇಕು. ಕರಡಿಯ ಕಣ್ಣು ಮಂದ. ಥಟ್ಟನೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ಕೋಲು ಕುಟ್ಟುತ್ತ, ಸದ್ದು ಮಾಡುತ್ತ ನಡೆಯಬೇಕೆಂಬುದು ಕಾಡಂಚಿನವರಿಗೆ ಗೊತ್ತು. ಆದರೆ ಒಂದು ಮಾತು: ಕರಡಿಗೆ ಸಿಕ್ಕಿ ಗಾಯಗೊಳ್ಳುವವರು ಹೆಚ್ಚಾಗಿ ಹೊಲಕ್ಕೆ, ಸೌದೆಗೆ, ದನ ಕಾಯಲು ಹೋದವರು. ಅವರಲ್ಲಿ ಮುದುಕರೂ ಇರುತ್ತಾರೆ. ಸೌದೆ ತರಲು ಹೊರಟ ಅಜ್ಜಿಯನ್ನು 'ವಯಸ್ಸಾಯ್ತು, ಬೇಡ' ಎಂದು ತಡೆದ ಮಗನನ್ನು ನಾವಂತೂ ಕಂಡಿಲ್ಲ.

ಇಲ್ಲಿ ಕರಡಿಗಿಂತ ದೊಡ್ಡ ಅಪಾಯ ಬಿಸಿಲು. ವಯಸ್ಸಾದಂತೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ. ಬಿಪಿಗೆ ನೀರಿಳಿಸುವ ಮಾತ್ರೆ ನುಂಗುವವರು ಇನ್ನಷ್ಟು ಎಚ್ಚರವಾಗಿರಬೇಕು. ಮಾರ್ಚ್‌ನಿಂದ ಮೇವರೆಗೆ ಈ ಕಲ್ಲುಗುಡ್ಡಗಳ ಸಹವಾಸ ಬೇಡ. ಮಳೆಗಾಲ ಮುಗಿದ ಮೇಲೆ ಹೊರಡಲಿ. ವೈದ್ಯರನ್ನು ಕಂಡು ಹೊರಡಲಿ. ಇವೆಲ್ಲ ತಿಳಿಸಿ ಹೇಳುವ ಮಾತುಗಳು, ಬಾಗಿಲಿಗೆ ಚಿಲಕ ಹಾಕುವುದಕ್ಕೆ ನೆಪಗಳಲ್ಲ.

ಸರ್ಕಾರವೂ ಯೋಚಿಸಬೇಕು. 2024ರಲ್ಲಿ ರಾಜ್ಯದ ಚಾರಣ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಬಂತು. ಜನಜಂಗುಳಿ ತಡೆಯಲು ಅದು ಬೇಕಿತ್ತು, ನಿಜ. ಆದರೆ ಒಟಿಪಿ ಎಂದರೇನೆಂದು ಮೊಮ್ಮಗನನ್ನು ಕೇಳಬೇಕಾದವರ ಗತಿ? ಈ ಐದೂ ತಾಲ್ಲೂಕುಗಳ ಅರಣ್ಯ ಕಚೇರಿಗಳಲ್ಲಿ ಒಂದೊಂದು ನೋಟ್‌ಬುಕ್ ಇಡಲಿ. ಹೊರಟವರ ಹೆಸರು, ಹಿಡಿದ ದಾರಿ, ಮರಳುವ ದಿನ ಬರೆದುಕೊಳ್ಳಲಿ. ಆ ದಿನ ಬಾರದಿದ್ದರೆ ಹುಡುಕಲು ಜನ ಕಳಿಸಲಿ. ಆ ಪುಸ್ತಕದಲ್ಲಿ ಮಗನ ಸಹಿಗೆ ಜಾಗ ಬೇಕಾಗಿಲ್ಲ.