ಭರಣಿಯ ಊರು ಯಾವುದು?

ದೇವರ ಹಿಪ್ಪರಗಿ, ಸಿಂದಗಿ, ಇಂಡಿಯ ಕಡೆ ಹಳೆಯ ವಾಡೆಯ ಆಸ್ತಿಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಹೊಲ, ಬಂಗಾರ, ತಾಮ್ರದ ಹಂಡೆಗಳಿಗೆ ಲೆಕ್ಕವಿರುತ್ತದೆ. ಉಪ್ಪಿನಕಾಯಿಯ ಭರಣಿ, ನೀರಿನ ಹರವಿಗಳನ್ನು ಯಾರೂ ಎಣಿಸುವುದಿಲ್ಲ. ಕೊನೆಗೆ ಅವು ಲಿಲಾವಿಗೋ ಗುಜರಿಯವನ ಗಾಡಿಗೋ ಸೇರುತ್ತವೆ.

ಹಳೆಯ ಪಾತ್ರೆಗಳನ್ನು ಸಂಗ್ರಹಿಸುವವನು ಲಿಲಾವಿನ ಸವಾಲು ಶುರುವಾಗುವ ಮೊದಲೇ ಬಂದಿರುತ್ತಾನೆ. ಭರಣಿಯನ್ನು ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾನೆ. ಗಟ್ಟಿಯಾಗಿದ್ದರೆ ಗಂಟೆಯಂಥ ನಾದ, ಸೀಳಿದ್ದರೆ ಒಡಕು ಸದ್ದು. ಬೋರಲು ಹಾಕಿ ತಳ ನೋಡುತ್ತಾನೆ. ಮೆರುಗು ಹತ್ತದ ಆ ಜಾಗದಲ್ಲಿ ಮಣ್ಣಿನ ಬಣ್ಣ, ಕೆಲವೊಮ್ಮೆ ತಯಾರಕರ ಮುದ್ರೆ ಕಾಣುತ್ತದೆ. ಎಷ್ಟರ ತನಕ ಕೂಗಬೇಕೆಂಬುದನ್ನೂ ಆಗಲೇ ನಿಶ್ಚಯಿಸಿಕೊಳ್ಳುತ್ತಾನೆ. ಆದರೆ ಪಾತ್ರೆ ತಾನಾಗಿ ಹೇಳದ ಸಂಗತಿ ಒಂದುಂಟು: ಅದು ಎಲ್ಲಿಂದ ಬಂತು, ಯಾರ ಮನೆಯಲ್ಲಿತ್ತು?

ಈ ಉತ್ತರಕ್ಕೆ ಎಷ್ಟು ಬೆಲೆ? ಡಚ್ಚರ ‘ಗೆಲ್ಡರ್‌ಮಾಲ್ಸೆನ್’ ಎಂಬ ಹಡಗು ಚೀನಾದಿಂದ ಪಿಂಗಾಣಿ ಹೊತ್ತು ಬರುವಾಗ 1752ರಲ್ಲಿ ಮುಳುಗಿತು. ಅದರಿಂದ ಮೇಲೆತ್ತಿದ ಒಂದೂವರೆ ಲಕ್ಷದಷ್ಟು ಪಾತ್ರೆಗಳನ್ನು 1986ರಲ್ಲಿ ಕ್ರಿಸ್ಟೀಸ್ ಸಂಸ್ಥೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಲಿಲಾವು ಮಾಡಿತು. ಹೆಚ್ಚಿನವು ದಿನಬಳಕೆಯ ಬಟ್ಟಲು, ತಟ್ಟೆಗಳೇ. ಆದರೂ ಜನ ಮುಗಿಬಿದ್ದರು. ಕೊಂಡವರಿಗೆ ಬಟ್ಟಲಿನ ಜತೆ ಹಡಗಿನ ಕಥೆಯೂ ಸಿಕ್ಕಿತು. ಪುರಾತತ್ವಜ್ಞರು ಮಾತ್ರ ನೊಂದುಕೊಂಡರು. ಯಾವ ವಸ್ತು ಹಡಗಿನ ಯಾವ ಭಾಗದಲ್ಲಿತ್ತು ಎಂಬುದನ್ನು ಸರಿಯಾಗಿ ದಾಖಲಿಸದೆ ಎತ್ತಿದ್ದರಿಂದ ತಿಳಿಯಬಹುದಾಗಿದ್ದ ಎಷ್ಟೋ ಸಂಗತಿಗಳು ಕಳೆದುಹೋದವು.

ಇದಕ್ಕೆ ಪ್ರತಿಯಾದ ಉದಾಹರಣೆ ಸಿಂದಗಿಯ ನೆರೆಯಲ್ಲೇ ಇದೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ನಡುವೆ ಜೇವರ್ಗಿಯ ಬಳಿ ಪ್ರಾಚೀನ ಸಮಾಧಿಗಳನ್ನು ಅಗೆಸಿದರು. ಮಡಕೆಗಳನ್ನು ಎತ್ತಿ ಸುಮ್ಮನಾಗಲಿಲ್ಲ. ಕಲ್ಲು, ಎಲುಬು, ಮಡಕೆಗಳು ಎಷ್ಟು ಆಳದಲ್ಲಿ, ಹೇಗೆ ಇದ್ದವೆಂದು ಚಿತ್ರ ಬರೆದಿಟ್ಟರು. ಸುಮಾರು ನೂರು ವರ್ಷಗಳ ನಂತರ ಮಾರ್ಟಿಮರ್ ವೀಲರ್ ಅವರಂಥ ತಜ್ಞರು ಆ ಚಿತ್ರಗಳನ್ನು ಮೆಚ್ಚಿಕೊಂಡರು.

ಮನೆಯ ಭರಣಿಗೂ ಇದೇ ಮಾತು. ಲಿಲಾವಿನಲ್ಲಿ ಮೂರನೆಯ ಸಾರೆ ಕೂಗಿದ ಮೇಲೆ ಅದು ಕೈ ಬದಲಿಸುತ್ತದೆ. ಅಜ್ಜಿಗೆ ಗೊತ್ತಿದ್ದದ್ದು ಅಜ್ಜಿಯಲ್ಲೇ ಉಳಿಯುತ್ತದೆ. ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ನೋಟುಬುಕ್ಕು ಹಿಡಿದು ಮನೆಯ ಹಳೆಯ ಪಾತ್ರೆಗಳ ಎತ್ತರ, ಬಣ್ಣ, ಮುದ್ರೆ, ಯಾವ ಸಂತೆಯಿಂದ ತಂದದ್ದು, ಯಾರ ತವರಿನಿಂದ ಬಂದದ್ದು ಎಂದು ಬರೆದಿಡಬಹುದು. ಪಾಲಕರು ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಚೀನಿ ಪಿಂಗಾಣಿಯನ್ನೂ ಕಣ್ಣಾರೆ ಕಾಣಬಹುದು.

ಕಾನೂನನ್ನೂ ತಿಳಿದಿರಬೇಕು. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊಲ ಅಗೆಯುವಾಗ ಹಳೆಯ ಮಡಕೆ ಸಿಕ್ಕರೆ ಅದನ್ನು ಎತ್ತದೆ ಸರಕಾರಕ್ಕೆ ತಿಳಿಸುವುದೇ ಸರಿ.

ಭರಣಿಯನ್ನು ಮಾರಲೇಬೇಕಾದರೆ ಮಾರಲಿ. ಅದರ ಊರು, ಹೆಸರು ಬರೆದ ಒಂದು ಚೀಟಿ ಜತೆಗೆ ಹೋಗಲಿ, ಇನ್ನೊಂದು ಮನೆಯಲ್ಲಿ ಉಳಿಯಲಿ.