ನಿಂತಾಗ ಮನೆ, ನಡೆದಾಗ ಬಂಡಿ



ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡದಿಂದ ಹಳಿಯಾಳಕ್ಕೆ ಹೋಗುವ ದಾರಿಯ ಚಹರೆಯೇ ಬದಲಾಗುತ್ತದೆ. ಧಾರವಾಡ, ಬೆಳಗಾವಿ ಸೀಮೆಯ ಹಳ್ಳಿಗಳಿಂದ ಹೊರಟ ಚಕ್ಕಡಿಗಳು ಗೆಜ್ಜೆಯ ಸದ್ದಿನೊಡನೆ ಸಾಲುಗಟ್ಟಿ ಉಳವಿಯತ್ತ ಸಾಗುತ್ತವೆ. ಹಳಿಯಾಳ, ದಾಂಡೇಲಿಗಳನ್ನು ದಾಟಿ, ಕಾಳಿ ನದಿಯ ಕಣಿವೆಯ ದಟ್ಟಾರಣ್ಯವನ್ನು ಹಾಯ್ದು, ಜೊಯಿಡಾ ತಾಲೂಕಿನಲ್ಲಿರುವ ಚನ್ನಬಸವೇಶ್ವರರ ಸನ್ನಿಧಿಯನ್ನು ಮುಟ್ಟಲು ಎತ್ತಿನ ಕಾಲಿಗೆ ಹಲವು ದಿನಗಳೇ ಬೇಕು. ಅಷ್ಟು ದಿನವೂ ಸಂಸಾರಕ್ಕೆ ಚಕ್ಕಡಿಯೇ ಮನೆ. ಗಾಲಿಯ ಮೇಲಿನ ಮನೆಯೆಂಬುದು ಪರದೇಶದವರು ಕಂಡುಹಿಡಿದ ಸೋಜಿಗವೆಂದು ನಮ್ಮ ತರುಣರು ತಿಳಿದಿದ್ದಾರೆ. ಅದು ನಮ್ಮ ಹಿರಿಯರಿಗೆ ವರ್ಷಕ್ಕೊಮ್ಮೆ ಬರುವ ವಾಡಿಕೆಯಾಗಿತ್ತು.

ನಾವು ಬಾಲಕರಿದ್ದಾಗ, ೧೯೬೦ರ ದಶಕದ ಕೊನೆಯಲ್ಲಿ, ತಂದೆಯವರೊಡನೆ ಹಾಗೆ ಹೋದುದುಂಟು. ಬಿದಿರಿನ ಕಮಾನಿನ ಮೇಲೆ ಗೋಣಿತಟ್ಟು ಹೊದಿಸಿದ ಬಂಡಿ. ಒಳಗೆ ಜೋಳದ ಕಣಿಕೆ, ಅದರ ಮೇಲೆ ಜಮಖಾನೆ, ಅದರ ಮೇಲೆ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಕಣಿಕೆಯು ಎತ್ತುಗಳಿಗೆ ಮೇವು, ನಮಗೆ ಹಾಸಿಗೆ. ದಿನ ಕಳೆದಂತೆ ಹಾಸಿಗೆ ತೆಳ್ಳಗಾಗುತ್ತಿತ್ತು! ಅರಿವೆಯ ಗಂಟು ಹಗಲು ಒರಗುದಿಂಬು, ರಾತ್ರಿ ತಲೆದಿಂಬು. ಬಂಡಿಯ ಕೆಳಗೆ ಕಂದೀಲು. ಒಂದೇ ಕೆಲಸಕ್ಕೆ ಬರುವ ವಸ್ತುವಿಗೆ ಆ ಬಂಡಿಯಲ್ಲಿ ಸ್ಥಳವಿರಲಿಲ್ಲ. ಇಳಿಜಾರಿನಲ್ಲಿ ನಮ್ಮ ಕೈಯನ್ನು ಗಟ್ಟಿಯಾಗಿ ಹಿಡಿದು ಕುಳಿತಿರುತ್ತಿದ್ದವರು ನಮ್ಮ ಅಕ್ಕ.

ಆ ಅಕ್ಕನಿಗೆ ಈಗ ಎಪ್ಪತ್ತನಾಲ್ಕು ವರ್ಷ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮೊಳಕಾಲುಗಳು ಬಲ ಕಳೆದುಕೊಂಡಿವೆ. ಮಗನು, ಅಂದರೆ ನಮ್ಮ ಅಳಿಯನು, ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಫಿಟ್ಟರ್ ಕೆಲಸ ಮಾಡುವವನು. ಎರಡನೆಯ ಕೈಯಿಂದ ಕೊಂಡ ಐದು ಆಸನದ ಹಳೆಯ ವ್ಯಾನೊಂದು ಅವನಲ್ಲಿದೆ. ತಾಯಿಯನ್ನು ಉಳವಿಗೆ ಕರೆದೊಯ್ಯಬೇಕೆಂದು ಎರಡು ವರ್ಷ ಕೇಳಿದನು. ಎರಡು ವರ್ಷವೂ ಅಕ್ಕ ಒಲ್ಲೆನೆಂದರು. ಮೊಳಕಾಲಿನ ನೋವೇ ಕಾರಣವೆಂದು ಅವನು ತಿಳಿದನು, ನಾವೂ ತಿಳಿದೆವು.

ವ್ಯಾನನ್ನೇ ಮನೆಯನ್ನಾಗಿ ಮಾಡಿದರೆ ತಾಯಿ ಮಲಗಿಕೊಂಡು ಬರಬಹುದೆಂಬುದು ಅವನ ಯೋಚನೆ. ದೊಡ್ಡದೊಂದು ನಕಾಶೆಯನ್ನು ಬರೆದುಕೊಂಡು ನಮ್ಮಲ್ಲಿಗೆ ಬಂದನು. ಅದರಲ್ಲಿ ಗೋಡೆಗೆ ಕಪಾಟು, ಕೈತೊಳೆಯುವ ಬೋಗುಣಿ, ಗ್ಯಾಸಿನ ಒಲೆ, ಟೀವಿ, ಛಾವಣಿಯನ್ನು ಕೊರೆದು ಕಿಂಡಿ. ಬಾಡಿ ಕಟ್ಟುವ ಒಂದು ಕಾರ್ಖಾನೆಯವರು ಒಂದೂವರೆ ಲಕ್ಷ ರೂಪಾಯಿ ಹೇಳಿದ್ದರು. ಸಾಲ ಮಾಡುವ ಸಿದ್ಧತೆಯಲ್ಲಿದ್ದನು.

ಆಗ ಮಾತು ಬಿಚ್ಚಿದವಳು ಅವನ ಹೆಂಡತಿ. ಅತ್ತೆಯವರು ಅವಳ ಮುಂದೆ ಮಾತ್ರ ಹೇಳಿದ್ದರಂತೆ: “ಹಾದ್ಯಾಗ ಹೊರಗ ಹೋಗಬೇಕಾದ್ರ ಎಲ್ಲಿ ಕೂಡಲೆವ್ವಾ? ನೆಲಕ್ಕ ಕೂತ್ರ ಏಳಾಕ ಬರೂದಿಲ್ಲ. ಗಂಡಮಗನ ಮುಂದ ಇದನ್ನ ಹೆಂಗ ಹೇಳಲಿ?” ಮದುವೆ ಮುಂಜಿಗಳಿಗೆ ಹೊರಡುವ ದಿನ ಅಕ್ಕ ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲವೆಂಬುದೂ ಆಗಲೇ ತಿಳಿಯಿತು. ನಾವು ನಾಚಿದೆವು. ಅರವತ್ತು ವರ್ಷ ಗ್ರಂಥಗಳನ್ನು ತಿರುವಿ ಹಾಕಿದ ನಮಗೆ ಮನೆಯ ಹಿರಿಯ ಜೀವದ ಈ ಸಂಕಟವು ಕಂಡಿರಲಿಲ್ಲ. ಅಳಿಯನ ನಕಾಶೆಯಲ್ಲಿ ಎಲ್ಲವೂ ಇತ್ತು. ಅಕ್ಕನಿಗೆ ಬೇಕಾದುದೊಂದು ಇರಲಿಲ್ಲ.

ಹಳೆಯ ನಕಾಶೆಯನ್ನು ಬದಿಗಿಟ್ಟು, ಚಕ್ಕಡಿಯ ನ್ಯಾಯದಿಂದಲೇ ಹೊಸದನ್ನು ಬರೆಯತೊಡಗಿದೆವು. ಮೊದಲನೆಯದು ಕಾನೂನಿನ ಮಾತು. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲಿಕನಿಗೆ ಅಧಿಕಾರವಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಛಾವಣಿಯನ್ನು ಕೊರೆದರೆ, ಆಸನಗಳನ್ನು ಕಿತ್ತು ಕಪಾಟು ಬೆಸೆದರೆ, ನಾಳೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಬಹುದು. ಆದುದರಿಂದ ವ್ಯಾನಿನ ಒಡಲಿಗೆ ಒಂದು ರಂಧ್ರವನ್ನೂ ಕೊರೆಯಬಾರದೆಂದು ನಿಶ್ಚಯಿಸಿದೆವು. ನಡೆಯುವಾಗ ಅದು ಐದು ಆಸನದ ವ್ಯಾನು. ಎಲ್ಲರೂ ಆಸನದಲ್ಲಿ ಕುಳಿತು ಪಟ್ಟಿ ಕಟ್ಟಿಕೊಳ್ಳತಕ್ಕದ್ದು. ನಿಂತ ಮೇಲೆ ಅದು ಮನೆ. ಒಳಗಿನದೆಲ್ಲವೂ ಸಾಮಾನಿನಂತೆ ಏರಿ, ಸಾಮಾನಿನಂತೆ ಇಳಿಯಬೇಕು.

ಎರಡನೆಯದು ಭಾರದ ಮಾತು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆಯು ಹದಿನೆಂಟು ಮಿಲಿಮೀಟರಿನದಾದರೆ ಮೂವತ್ತು ಕಿಲೋ ಮೀರುತ್ತದೆ. ಹನ್ನೆರಡರದಾದರೆ ಇಪ್ಪತ್ತರ ಆಸುಪಾಸು. ಕೆಳಗೆ ಚೌಕ ಪೈಪಿನ ಚೌಕಟ್ಟು ಕೊಟ್ಟರೆ ಹನ್ನೆರಡು ಸಾಕು. ಮೂರು ತುಂಡುಗಳಾಗಿ ಮಡಚುವ ಮಂಚವನ್ನು ಅಳಿಯನು ರವಿವಾರಗಳಲ್ಲಿ ತಾನೇ ಮಾಡಿದನು. ಹಿಂದಿನ ಆಸನದ ಬೆನ್ನನ್ನು ಮಡಚಿ ಅದನ್ನು ಬಿಚ್ಚಿದರೆ ಅಕ್ಕ ಕಾಲು ಚಾಚಿ ಮಲಗಬಲ್ಲರು. ಮೇಲೆ ಹತ್ತಿಯ ಗಾದಿ, ಅದರ ಮೇಲೆ ಅಕ್ಕನೇ ಹೊಲಿದ ಕೌದಿ. ಹತ್ತಿ ಇಳಿಯಲು ಗಟ್ಟಿಮುಟ್ಟಾದ ಮರದ ಮೆಟ್ಟಿಲು. ಅದರ ಮುಚ್ಚಳ ತೆರೆದರೆ ಒಳಗೆ ಔಷಧಿ, ಬ್ಯಾಟರಿ, ಹಗ್ಗ.

ಬೆಳಕಿಗೆ ಇಂಜಿನ್ನಿನ ಬ್ಯಾಟರಿಯನ್ನು ಮುಟ್ಟಲಿಲ್ಲ. ಬೆಳಿಗ್ಗೆ ವ್ಯಾನು ಚಾಲೂ ಆಗದಿದ್ದರೆ ಕಾಡಿನಲ್ಲಿ ಯಾರನ್ನು ಕರೆಯುವುದು? ಐದು ವ್ಯಾಟಿನ ಎಲ್‌ಇಡಿ ದೀಪವನ್ನು ನಾಲ್ಕು ಗಂಟೆ ಉರಿಸಿದರೆ ಇಪ್ಪತ್ತು ವ್ಯಾಟ್-ಗಂಟೆ. ಹನ್ನೆರಡು ವೋಲ್ಟಿನ, ಏಳು ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿ ಎಂಬತ್ತನಾಲ್ಕು ಇರುತ್ತದೆ. ಎರಡು ರಾತ್ರಿಗೆ ಧಾರಾಳ. ತಂತಿಗೆ ಫ್ಯೂಸ್ ಮಾತ್ರ ತಪ್ಪದೆ ಇರಬೇಕು.

ಮೂರನೆಯದೇ ಮುಖ್ಯವಾದುದು. ಔಷಧ ಸಾಮಗ್ರಿಯ ಅಂಗಡಿಯಲ್ಲಿ ದೊರೆಯುವ, ಕೈಹಿಡಿಗಳುಳ್ಳ ಮಡಚುವ ಕಮೋಡ್ ಕುರ್ಚಿಯನ್ನು ಸೊಸೆಯೇ ಹೋಗಿ ಆರಿಸಿ ತಂದಳು. ವ್ಯಾನಿನ ಹಿಂಬಾಗಿಲನ್ನು ಮೇಲೆತ್ತಿ, ಅದರ ಅಂಚಿಗೆ ನೆಲಮುಟ್ಟುವ ದಪ್ಪ ಪರದೆಯನ್ನು ಇಳಿಬಿಟ್ಟರೆ ಮರೆಯಾಯಿತು. ಮುಚ್ಚಳವಿರುವ ಪಾತ್ರೆಯನ್ನು ಶೌಚಾಲಯ ಸಿಕ್ಕಲ್ಲಿಯೇ ಬರಿದುಮಾಡಬೇಕು. ಕಾಡಿನಲ್ಲಿ, ಹೊಳೆಯಲ್ಲಿ ಸಲ್ಲದು. ಅದು ಹುಲಿಗಳ ಸಂರಕ್ಷಿತ ನೆಲೆ, ನಾವಲ್ಲಿ ದಾರಿಹೋಕರು.

ಗ್ಯಾಸಿನ ಒಲೆಯನ್ನು ನಾವು ಹಟದಿಂದ ಬಿಡಿಸಿದೆವು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಮಲಗುವವರ ಮಗ್ಗುಲಲ್ಲಿ, ನೆಲದ ಮೇಲೆಯೇ ಸೇರಿಕೊಳ್ಳುತ್ತದೆ. ಮುಚ್ಚಿದ ವಾಹನದಲ್ಲಿ ಒಲೆಯನ್ನಾಗಲಿ ಇದ್ದಿಲನ್ನಾಗಲಿ ಉರಿಸಿದರೆ, ಇಂಜಿನ್ ಚಾಲೂ ಇಟ್ಟು ಮಲಗಿದರೆ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷವು ನಿದ್ರೆಯಲ್ಲಿಯೇ ಪ್ರಾಣವನ್ನು ಒಯ್ಯಬಲ್ಲದು. ಎರಡು ದಿನದ ದಾರಿಗೆ ಒಲೆಯೇಕೆ? ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ನಮ್ಮಲ್ಲಿರುವಾಗ! ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದು ಸೊಳ್ಳೆಪರದೆ ಕಟ್ಟಬೇಕು. ಇಲ್ಲವಾದರೆ ಉಸಿರಿನ ಆವಿಯೇ ಗಾಜಿನಿಂದ ಹನಿಯುತ್ತದೆ. ಇಪ್ಪತ್ತು ಲೀಟರ್ ನೀರಿನ ಡಬ್ಬಿ ಇಪ್ಪತ್ತು ಕಿಲೋ ತೂಗುತ್ತದೆ. ಪಟ್ಟಿಯಿಂದ ಬಿಗಿಯದಿದ್ದರೆ ಬ್ರೇಕು ಒತ್ತಿದಾಗ ಅದೇ ಬಂಡೆಗಲ್ಲು.

ಗೃಹಿಣಿಯರ ಸಲುವಾಗಿ ಲೆಕ್ಕವನ್ನೂ ಬರೆಯುತ್ತೇವೆ. ಪ್ಲೈವುಡ್ಡಿಗೆ ೪,೫೦೦, ಚೌಕಟ್ಟು, ತಿರುಗಣಿ, ಬೆಸುಗೆಗೆ ೫,೫೦೦, ಗಾದಿಗೆ ೩,೦೦೦, ಕುರ್ಚಿಗೆ ೩,೦೦೦, ಬ್ಯಾಟರಿ, ದೀಪಗಳಿಗೆ ೨,೫೦೦, ಪರದೆಗಳಿಗೆ ೧,೨೦೦, ನೀರಿನ ಡಬ್ಬಿ, ನಲ್ಲಿಗೆ ೮೦೦. ಒಟ್ಟು ೨೦,೫೦೦ ರೂಪಾಯಿ. ಉಳಿದ ಹಣದಲ್ಲಿ ಸವೆದ ಟೈರುಗಳನ್ನು ಬದಲಿಸಿ, ಬ್ರೇಕುಗಳನ್ನು ರಿಪೇರಿ ಮಾಡಿಸಿದನು. ಹಿರಿಯರು ಬಂಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು, ಶೃಂಗಾರ ಆಮೇಲಿನದು. ಸಾಲ ತಪ್ಪಿತು.

ಜಾತ್ರೆಗೆ ಹೊರಟೆವು. ದಾಂಡೇಲಿಯಲ್ಲಿ ರಾತ್ರಿ ಕಳೆದೆವು. ಅತ್ತೆ ಸೊಸೆಯರು ವ್ಯಾನಿನಲ್ಲಿ. ನಾವೂ ಅಳಿಯನೂ ಪಕ್ಕದಲ್ಲಿ ಬಿಡಾರ ಹೂಡಿದ್ದ ಚಕ್ಕಡಿಯವರ ಮಗ್ಗುಲಲ್ಲಿ ಹೊರಗೆ. ಬೆಳಗಿನ ಜಾವ ಕಣ್ಣು ತೆರೆದಾಗ ಅಕ್ಕ ಮಂಚದ ಅಂಚಿನಲ್ಲಿ ನೇರವಾಗಿ ಕುಳಿತು, ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಪೂಜೆಯಲ್ಲಿದ್ದರು. ಮುಂದೆ ಕಾಡಿನ ದಾರಿಯಲ್ಲಿ ಚಕ್ಕಡಿಗಳು ಎದುರಾದಾಗಲೆಲ್ಲ ಅಳಿಯನು ವ್ಯಾನನ್ನು ಬದಿಗೆ ನಿಲ್ಲಿಸಿ ದಾರಿ ಬಿಟ್ಟನು.

ಕಲ್ಯಾಣದಿಂದ ಚನ್ನಬಸವಣ್ಣನವರು ಶರಣರೊಡನೆ ಉಳವಿಯತ್ತ ನಡೆದಾಗ ಅವರ ತಾಯಿ ಅಕ್ಕನಾಗಮ್ಮನವರೂ ಆ ಪಯಣದಲ್ಲಿದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಮಗನು ತಾಯಿಯನ್ನು ಹೇಗೆ ನಡೆಸಿಕೊಂಡು ಬಂದನೋ, ದಾರಿಯಲ್ಲಿ ಆಕೆಗೆ ಏನು ಬೇಕಾಗಿತ್ತೋ, ಪುರಾಣಗಳನ್ನೋದುವಾಗ ನಾವೆಂದೂ ಕೇಳಿಕೊಂಡಿರಲಿಲ್ಲ.

ವಾಹನವನ್ನು ಮನೆಯಾಗಿಸಬಯಸುವ ತರುಣರಿಗೆ ನಮ್ಮದೊಂದೇ ವಿನಂತಿ. ಅಳತೆಪಟ್ಟಿ ಹಿಡಿಯುವ ಮುನ್ನ ಅದರಲ್ಲಿ ಮಲಗುವವರನ್ನು ಕೇಳಿರಿ. ನಿಮಗೆ ಹೇಳಲಾರದುದನ್ನು ಮನೆಯ ಹೆಣ್ಣುಮಕ್ಕಳಿಂದ ಕೇಳಿಸಿರಿ.

ಉಳವಿಯ ಏರು ದಾರಿಯಲ್ಲಿ ಅಕ್ಕ ಹಿಂದಿನ ಆಸನದಿಂದ ಕೈ ಚಾಚಿ, “ತಮ್ಮಾ, ಆ ನೀರಿನ ತಂಬಿಗಿ ಇತ್ತ ಕೊಡು” ಎಂದರು. ತುಂಬಿದ ತಂಬಿಗೆಯನ್ನು ಬರಿದುಮಾಡಿದರು. ಅಳಿಯನು ಕನ್ನಡಿಯಲ್ಲಿ ನೋಡಿದನು, ಏನೂ ಆಡಲಿಲ್ಲ.