ಅಪ್ಪನ ಜಾವಾಕ್ಕೆ ಚಳಿಗಾಲದ ಚಿಕಿತ್ಸೆ

ರಾಗಿ ಕಣ ಮುಗಿದಿದೆ. ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಗಡಿಬಿಡಿಯೂ ಇಳಿಯುತ್ತ ಬಂದಿದೆ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಕೈಗೆ ನಾಲ್ಕು ಕಾಸು, ಮನಸ್ಸಿಗೆ ಒಂದಿಷ್ಟು ಬಿಡುವು ಸಿಗುವುದು ಈ ಮಾರ್ಗಶಿರ, ಪುಷ್ಯದ ದಿನಗಳಲ್ಲೇ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತ ಹಳೆಯ ಮೋಟಾರ್ ಬೈಕಿನ ನೆನಪಾಗುವುದೂ ಆಗಲೇ. ಅಪ್ಪ ಓಡಿಸುತ್ತಿದ್ದ ಜಾವಾ ಅಥವಾ ಯೆಜ್ಡಿ. ಗುಜರಿಯವನು ಎರಡು ಸಲ ಬಂದು ಕೇಳಿ ಹೋಗಿದ್ದಾನೆ. ಕೊಡಲು ಮನಸ್ಸಿಲ್ಲ, ಇಟ್ಟುಕೊಂಡರೆ ಓಡುವುದಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಬೈಕುಗಳನ್ನು ಷೆಡ್ಡಿಗೆ ತಳ್ಳಿ ಬಿಚ್ಚಿಹಾಕುತ್ತಾರೆ, ವಸಂತದ ಹೊತ್ತಿಗೆ ಜೋಡಿಸಿ ಹೊರಡುತ್ತಾರೆ. ನಮ್ಮಲ್ಲಿ ಗಾಡಿ ಮೂಲೆ ಸೇರುವುದು ಮಳೆಗಾಲದಲ್ಲಿ. ಆದರೂ ರಿಪೇರಿಗೆ ಚಳಿಗಾಲವೇ ಮೇಲು. ಮಳೆಗಾಲದ ತೇವದ ಗಾಳಿಯಲ್ಲಿ ಬಣ್ಣ ಹೊಡೆಸಿದರೆ ಮೇಲೆ ಬಿಳಿಯ ಮಸುಕು ಕೂರುತ್ತದೆ, ಉಜ್ಜಿಟ್ಟ ತಗಡು ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಈಗಿನ ಒಣಹವೆಯಲ್ಲಿ ಆ ಕಾಟ ಕಡಿಮೆ.

ಮೈಸೂರಿನ ಮಗು

ಮೊದಲು ಈ ಗಾಡಿಯ ಕುಲ ಗೋತ್ರ. 1929ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡ. ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. ಅದು ಕನ್ನಡ ನಾಡಿಗೆ ಬಂದದ್ದು 1960ರ ದಶಕದ ಆರಂಭದಲ್ಲಿ. ಪಾರ್ಸಿ ಮೂಲದ ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಜಯಚಾಮರಾಜ ಒಡೆಯರ ಪ್ರೋತ್ಸಾಹ ಇದಕ್ಕಿತ್ತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲೆ 'ಯೆಜ್ಡಿ' ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದು ಎನ್ನುತ್ತಾರೆ. 1978ರಲ್ಲಿ ರೋಡ್‌ಕಿಂಗ್ ಬಂತು. ದೂರದ ದಾರಿಗೆ ಹೇಳಿ ಮಾಡಿಸಿದ ಗಾಡಿ ಎಂದು ಹೆಸರು ಮಾಡಿತು.

ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್. ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಕ್ಲಚ್ ಹಿಡಿಯದೆಯೂ ಗೇರು ಬದಲಿಸಬಹುದಾದ ವ್ಯವಸ್ಥೆ ಬೇರೆ. ತೋಟದ ದಾರಿಯಲ್ಲಿ ಹಿಂದೆ ಒಂದು ಮೂಟೆ ಕಟ್ಟಿಕೊಂಡು ಹೋಗಲು ಇದಕ್ಕಿಂತ ಗಟ್ಟಿ ಗಾಡಿ ಆಗ ಇರಲಿಲ್ಲ. ಆದರೆ ಪೆಟ್ರೋಲ್ ಕುಡಿಯುತ್ತಿತ್ತು. ಎಂಬತ್ತರ ದಶಕದ ನಡುವೆ ಜಪಾನಿ ಕಂಪೆನಿಗಳ ಸಹಯೋಗದ 100 ಸಿಸಿ ಗಾಡಿಗಳು ಬಂದವು. ಹಿಂದೆಯೇ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ಕಂಪೆನಿಯ ಕೈಯಲ್ಲಿ ಮರಳಿ ಬಂದವು ನಿಜ. ಅವು ಬೇರೆಯೇ ಎಂಜಿನಿನ ಗಾಡಿಗಳು. ಅವುಗಳ ಬಿಡಿಭಾಗ ಅಪ್ಪನ ಗಾಡಿಯ ಎಂಜಿನಿಗೆ ಕೂರುವುದಿಲ್ಲ.

ಸ್ಪ್ಯಾನರಿಗಿಂತ ಮೊದಲು ಕಾಗದ

ಬಹಳ ಮಂದಿ ಎಡವುವುದು ಇಲ್ಲಿ. ಎಂಜಿನ್ ಬಿಚ್ಚಿ, ನಿಕ್ಕಲ್ ಮಾಡಿಸಿ, ಬಣ್ಣ ಬಳಿಸಿ, ಕೊನೆಗೆ ಆರ್.ಸಿ. ಪುಸ್ತಕ ಹುಡುಕುತ್ತಾರೆ. ಅದು ಅಪ್ಪನ ಹೆಸರಿನಲ್ಲಿರುತ್ತದೆ. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿರುತ್ತದೆ. ನಿಯಮದ ಪ್ರಕಾರ ಮಾಲೀಕ ತೀರಿಕೊಂಡ 30 ದಿನದೊಳಗೆ ವಾರಸುದಾರ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. ತಡವಾಗಿದ್ದರೆ ದಂಡ, ಅಫಿಡವಿಟ್ಟು, ಅಣ್ಣ ತಮ್ಮಂದಿರ ಒಪ್ಪಿಗೆಯ ಓಡಾಟ. ಆಸ್ತಿ ಪಾಲಾಗುವಾಗ ಯಾರ ಕಣ್ಣಿಗೂ ಬೀಳದಿದ್ದ ಗಾಡಿ, ಬಣ್ಣ ಬಳಿದು ನಿಲ್ಲಿಸಿದ ಮೇಲೆ ಎಲ್ಲರಿಗೂ ಬೇಕಾಗುವುದುಂಟು. ಆದ್ದರಿಂದ ಗೋಣಿಚೀಲ ಸರಿಸುವ ಮೊದಲೇ ಮನೆಯವರ ಒಪ್ಪಿಗೆ ಬರಹದಲ್ಲಿ ಸಿಕ್ಕಿದರೆ ಕ್ಷೇಮ.

ಎರಡನೆಯದು ನೋಂದಣಿಯ ಅವಧಿ. ಸ್ವಂತ ಬಳಕೆಯ ಗಾಡಿಗೆ ಮೊದಲ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ 25ನೇ ನಮೂನೆಯಲ್ಲಿ ನವೀಕರಣ. ಹಳೆಯ ವಾಹನಗಳ ನವೀಕರಣ ಶುಲ್ಕ 2022ರಿಂದ ಏರುತ್ತಲೇ ಬಂದಿದೆ, ಹಸಿರು ತೆರಿಗೆ ಬೇರೆ. ಖರ್ಚಿನ ಲೆಕ್ಕ ಬರೆಯುವಾಗ ಇವನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಮೂರನೆಯದು ಎಂಜಿನ್ ಮತ್ತು ಚಾಸಿಸ್ ನಂಬರು. ತುಕ್ಕು ತೆಗೆಯುವ ಉತ್ಸಾಹದಲ್ಲಿ ಆ ಅಂಕಿಗಳ ಮೇಲೆ ಗ್ರೈಂಡರ್ ಆಡಿಸಿದರೆ ಮುಗಿಯಿತು. ಗಾಡಿ ನಿಮ್ಮದೇ ಎಂದು ಸಾಬೀತು ಮಾಡುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಆ ಜಾಗವನ್ನು ಕೈಯಿಂದಲೇ ಉಜ್ಜಿಸಿ, ಬಣ್ಣದ ಹೊತ್ತಿಗೆ ಟೇಪು ಅಂಟಿಸಿ.

ಮೊದಲು ಉಸಿರು, ಆಮೇಲೆ ಉಡುಪು

ಬಿಚ್ಚುವ ಮೊದಲು ಎಲ್ಲ ಮಗ್ಗುಲಿಂದಲೂ ಫೋಟೋ ತೆಗೆದಿಡಿ. ಒಂದೊಂದು ಜಾಗದ ಬೋಲ್ಟು, ವಾಷರುಗಳನ್ನು ಒಂದೊಂದು ಡಬ್ಬಿಗೆ ಹಾಕಿ ಚೀಟಿ ಅಂಟಿಸಿ. ಡಬ್ಬಿ ಬೆರಕೆಯಾದರೆ ಹದಿನೈದು ದಿನದ ಕೆಲಸ ಯುಗಾದಿಗೆ ಹೋಗಿ ನಿಲ್ಲುತ್ತದೆ.

ವರ್ಷಗಟ್ಟಲೆ ನಿಂತ ಎಂಜಿನಿನ ಕಿಕ್ಕರ್ ಅಲ್ಲಾಡದಿದ್ದರೆ ಅದರ ಮೇಲೆ ಹತ್ತಿ ನಿಲ್ಲಬೇಡಿ. ಪ್ಲಗ್ ತೆಗೆದು ಆ ರಂಧ್ರದಲ್ಲಿ ಒಂದಿಷ್ಟು ಡೀಸೆಲ್ ಮತ್ತು ಎಣ್ಣೆ ಬಿಟ್ಟು ಎರಡು ಮೂರು ದಿನ ಬಿಡಿ. ಸಿಲಿಂಡರಿಗೆ ಕಚ್ಚಿಕೊಂಡ ರಿಂಗು ತಾನಾಗಿ ಸಡಿಲವಾಗಬಹುದು. ಆಗ ಬೋರ್ ಅಳೆಸಿ. ಸವೆದಿದ್ದರೆ ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿಸಬೇಕು. ಒಳ್ಳೆಯ ಲೇತಿನ ಕೆಲಸಕ್ಕೆ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕಾಗಬಹುದು. ಹೋಗಿ ಬನ್ನಿ, ಇಲ್ಲಿ ಜಿಪುಣತನ ಬೇಡ.

ಟೂ ಸ್ಟ್ರೋಕ್ ಎಂಜಿನಿನ ಪ್ರಾಣ ಇರುವುದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳಲ್ಲಿ. ಇದರ ಕ್ರ್ಯಾಂಕ್ ಕೇಸು ಒಂದು ಪಂಪಿನಂತೆ ಕೆಲಸ ಮಾಡುತ್ತದೆ. ಪೆಟ್ರೋಲ್ ಬೆರೆತ ಗಾಳಿ ಮೊದಲು ಅಲ್ಲಿಗೆ ಬಂದು, ಒತ್ತಡಕ್ಕೆ ಸಿಕ್ಕಿ, ನಂತರ ಸಿಲಿಂಡರಿಗೆ ಏರಬೇಕು. ಹೊರಗಿನ ಬದಿಯ ಸೀಲು ಗಟ್ಟಿಯಾಗಿ ಬಿರಿದಿದ್ದರೆ ಅಲ್ಲಿಂದ ಬರಿಯ ಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿಯುತ್ತದೆ. ಕ್ಲಚ್ಚಿನ ಬದಿಯ ಸೀಲು ಹೋಗಿದ್ದರೆ ಗೇರ್ ಬಾಕ್ಸಿನ ಎಣ್ಣೆಯೇ ಒಳಗೆ ಹೀರಿಕೊಂಡು ಹೊಗೆಯಾಗಿ ಹೊರಬರುತ್ತದೆ. ಗಾಡಿ ಊರೆಲ್ಲ ಹೊಗೆ ಮಾಡುತ್ತ, ಗೇರ್ ಎಣ್ಣೆ ಸದ್ದಿಲ್ಲದೆ ಇಳಿಯುತ್ತಿದ್ದರೆ ಕಾರಣ ಇದೇ. ಸೀಲು ಕೆಲವು ನೂರು ರೂಪಾಯಿಯ ಮಾಲು. ಅದನ್ನು ಬದಲಿಸದೆ ಪಿಸ್ಟನ್ ಬದಲಿಸುವುದು ತಳ ಒಡೆದ ಕೊಡಕ್ಕೆ ನೀರು ಹೊತ್ತಂತೆ.

ಎಂಜಿನ್ ಜೋಡಿಸಿದ ಮೇಲೆ, ಬಣ್ಣವಿಲ್ಲದೆ, ತುಕ್ಕು ಹಿಡಿದ ಟ್ಯಾಂಕಿನಲ್ಲೇ ಒಂದೆರಡು ವಾರ ಓಡಿಸಿ ನೋಡಿ. ಸೋರುವುದು, ಅದುರುವುದು ಎಲ್ಲ ಆಗ ಹೊರಬರುತ್ತದೆ. ಬಣ್ಣ ಬಳಿದ ಮೇಲೆ ಮತ್ತೆ ಎಂಜಿನ್ ಇಳಿಸಿದರೆ ಫ್ರೇಮಿಗೆ ಗೀರು ಬೀಳುವುದು ಖಂಡಿತ.

ಎಷ್ಟು ಬದಲಿಸಬಹುದು?

ಇಂದಿನ ಹುಡುಗರ ಆಸೆ ದೊಡ್ಡದು. ಅಗಲದ ಟೈರು, ಕತ್ತರಿಸಿದ ಮಡ್‌ಗಾರ್ಡು, ಎದೆ ನಡುಗಿಸುವ ಸೈಲೆನ್ಸರು. ಕಾನೂನು ಇದಕ್ಕೆ ಅಡ್ಡ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಂತೆ ತಯಾರಕರು ನಿಗದಿ ಮಾಡಿದ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಬಣ್ಣ ಬದಲಿಸಿದರೂ ಆರ್.ಸಿ.ಯಲ್ಲಿ ನಮೂದಿಸಬೇಕು.

ಸೈಲೆನ್ಸರಿನ ವಿಷಯದಲ್ಲಿ ಕಾನೂನಿಗಿಂತ ಎಂಜಿನೇ ಮೊದಲು ದೂರು ಕೊಡುತ್ತದೆ. ಟೂ ಸ್ಟ್ರೋಕಿನಲ್ಲಿ ಹೊರಹೋದ ಹೊಗೆಯ ಅಲೆ ಸೈಲೆನ್ಸರಿನಲ್ಲಿ ಬಡಿದು ಹಿಂದಿರುಗಿ, ಸುಡದ ಮಿಶ್ರಣ ಹೊರಗೆ ಓಡದಂತೆ ತಡೆಯುತ್ತದೆ. ಒಳಗಿನ ಕೊಳವೆ ಕಿತ್ತರೆ ಶಬ್ದ ಹೆಚ್ಚುತ್ತದೆ, ಎಳೆತ ತಗ್ಗುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ.

ಬೇಕಾದ ಬದಲಾವಣೆಗಳು ಬೇರೆ ಇವೆ. ಹಳೆಯ ಮಾದರಿಗಳ 6 ವೋಲ್ಟಿನ ದೀಪ ರಾತ್ರಿಯ ಹೆದ್ದಾರಿಗೆ ಸಾಲದು. ತಿಳಿದ ಎಲೆಕ್ಟ್ರಿಷಿಯನ್ ಸಿಕ್ಕಿದರೆ ವೈರಿಂಗ್ ಪೂರ್ತಿ ಹೊಸದು ಮಾಡಿಸಿ 12 ವೋಲ್ಟಿಗೆ ಏರಿಸಬಹುದು. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರೂ ಇದ್ದಾರೆ. ಒಳ್ಳೆಯದೇ. ಆದರೆ ಪಾಯಿಂಟು ಕೆಟ್ಟರೆ ದಾರಿಯಲ್ಲಿ ಉಜ್ಜಿ ಸರಿಮಾಡಿಕೊಳ್ಳಬಹುದು, ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ತಳ್ಳಿಕೊಂಡೇ ಬರಬೇಕು. ಒಂದು ನಿಯಮ ಇಟ್ಟುಕೊಳ್ಳಿ: ಏನು ಬದಲಿಸಿದರೂ ಮೂಲ ಫ್ರೇಮನ್ನು ಕತ್ತರಿಸಬೇಡಿ, ತೆಗೆದ ಭಾಗವನ್ನು ಎಸೆಯಬೇಡಿ.

ಅದಕ್ಕೆ ಕಾರಣವಿದೆ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಆಮೇಲಿನದಕ್ಕೆ 5,000. ಚಾಸಿಸ್ಸು, ಎಂಜಿನ್ ಮಾರ್ಪಾಡಾಗಿದ್ದರೆ ಆ ಬಾಗಿಲು ಮುಚ್ಚಿದಂತೆ. ಆದರೆ ಈ ಗೌರವಕ್ಕೆ ಬೆಲೆಯೂ ಇದೆ. ವಿಂಟೇಜ್ ಗಾಡಿ ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ರಸ್ತೆಗಿಳಿಯಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ತೋಟಕ್ಕೆ, ಸಂತೆಗೆ, ನೆಂಟರ ಮನೆಗೆ ಹೋಗುವ ಗಾಡಿಯೇ ಬೇಕೆಂದರೆ ಮಾಮೂಲಿ ನವೀಕರಣವೇ ದಾರಿ. ಪೂಜೆಯ ಮಂಟಪವೋ, ಉಳುವ ನೇಗಿಲೋ ಎಂಬುದನ್ನು ಪ್ರತಿ ಮನೆಯೂ ತಾನೇ ತೀರ್ಮಾನಿಸಬೇಕು.

ಪೆಟ್ರೋಲ್ ಬದಲಾಗಿದೆ

ಅಪ್ಪನ ಕಾಲದ ಪೆಟ್ರೋಲ್ ಈಗಿಲ್ಲ. 2025ರ ಹೊತ್ತಿಗೆ ದೇಶದಾದ್ಯಂತ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ವಾಷರುಗಳನ್ನು ಹೊಸ ಬಗೆಯವಕ್ಕೆ ಬದಲಿಸಿ. ಮಳೆಗಾಲಕ್ಕೆ ನಿಲ್ಲಿಸುವ ಮುನ್ನ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ. ಈ ಪೆಟ್ರೋಲಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುವುದರಿಂದ ಒಂದು ಸೈಜು ದೊಡ್ಡ ಜೆಟ್ ಬೇಕಾಗಬಹುದು. ಪ್ಲಗ್ಗಿನ ಬಣ್ಣ ನೋಡಿ ಮೆಕ್ಯಾನಿಕ್ ಹೇಳುತ್ತಾನೆ: ಕಂದು ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಅಪಾಯ. ಇನ್ನು ಟೂಟಿ ಆಯಿಲ್. ಲೀಟರಿಗೆ 50 ಮಿಲಿ ಎಂದರೆ ಇಪ್ಪತ್ತಕ್ಕೆ ಒಂದು. ಹೊಸದಾಗಿ ಬೋರ್ ಮಾಡಿಸಿದ ಎಂಜಿನಿಗೆ ಕೈ ಹಿಡಿಯಬೇಡಿ.

ಪರೀಕ್ಷೆಯ ದಾರಿ

ಮೊದಲ 500 ಕಿಲೋಮೀಟರು ಅವಸರ ಬೇಡ. ತರೀಕೆರೆಯವರಿಗೆ ಹತ್ತು ಕಿಲೋಮೀಟರಿನಷ್ಟು ದೂರದ ಅಮೃತಾಪುರ ಒಳ್ಳೆಯ ಮೊದಲ ಪಾಠ. 1196ರಲ್ಲಿ ಕಟ್ಟಿದ ಅಮೃತೇಶ್ವರನ ಗುಡಿಯ ಮುಂದೆ ಗಾಡಿ ತಣ್ಣಗಾಗುವಷ್ಟರಲ್ಲಿ ದೇವರ ದರ್ಶನವೂ ಆಗುತ್ತದೆ. ಆಮೇಲೆ ಕಡೂರು, ಬೀರೂರು, ಅಜ್ಜಂಪುರ, ತರೀಕೆರೆಯ ಸುತ್ತು. ನೂರು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಅಜ್ಜಂಪುರದ ಅಮೃತಮಹಲ್ ಕಾವಲಿನ ಬಯಲಲ್ಲಿ ನೆಟ್ಟಗಿನ ರಸ್ತೆ ಸಿಕ್ಕಿತೆಂದು ಕಿವಿ ಹಿಂಡಬೇಡಿ.

ಕೊನೆಯ ಪರೀಕ್ಷೆ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮೇಲೆ ಕೆಮ್ಮಣ್ಣುಗುಂಡಿ. ಹತ್ತುವಾಗ ಎಂಜಿನ್ ದುಡಿಯುತ್ತದೆ, ಭಯವಿಲ್ಲ. ಅಪಾಯ ಇಳಿಯುವಾಗ. ಈ ಎಂಜಿನಿಗೆ ಎಣ್ಣೆ ಹೋಗುವುದೇ ಪೆಟ್ರೋಲಿನ ಜೊತೆಗೆ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಮೈಲಿಗಟ್ಟಲೆ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಸಿಗುವುದಿಲ್ಲ. ಹಾಗೆಂದು ನ್ಯೂಟ್ರಲ್ಲಿನಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ಮು ಕಾದು ಬ್ರೇಕ್ ಹಿಡಿಯದೆ ಹೋಗುತ್ತದೆ. ಗೇರಿನಲ್ಲೇ ಇಳಿಯಬೇಕು, ಆಗಾಗ ಒಂದು ಕ್ಷಣ ಆಕ್ಸಿಲರೇಟರ್ ತಿರುವಿ ಎಂಜಿನಿಗೆ ಒಂದು ಗುಟುಕು ಕೊಡಬೇಕು, ಅರ್ಧ ದಾರಿಯಲ್ಲಿ ನಿಂತು ಬ್ರೇಕ್ ಆರಿಸಬೇಕು.

ಇಂಥ ಪಾಠಗಳು ಯಾವ ಕೈಪಿಡಿಗಿಂತಲೂ ಹೆಚ್ಚಾಗಿ ಉಳಿದಿರುವುದು ಹಳೆಯ ಮೆಕ್ಯಾನಿಕ್‌ಗಳ ಕೈಯಲ್ಲಿ. ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದವರಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಸ್ಕೂಟರ್ ಷೋರೂಮುಗಳಲ್ಲಿದ್ದಾರೆ. ಬಿಡಿಭಾಗವನ್ನಾದರೆ ಮೈಸೂರಿನಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಹುಡುಕಬಹುದು, ಇಲ್ಲವೆ ಲೇತಿನಲ್ಲಿ ಕಡೆಸಬಹುದು. ಆ ಕಿವಿಯನ್ನು ಎಲ್ಲಿಂದ ತರಿಸುವುದು? ಆದ್ದರಿಂದ ನಿಮ್ಮೂರಿನ ಹಳೆಯ ಮೇಸ್ತ್ರಿ ಇನ್ನೂ ಅಂಗಡಿಗೆ ಬರುತ್ತಿದ್ದರೆ ಗಾಡಿಯನ್ನು ಈ ಚಳಿಗಾಲವೇ ಅಲ್ಲಿಗೆ ತಳ್ಳಿಕೊಂಡು ಹೋಗಿ. ಕೆಲಸ ನಡೆಯುವಷ್ಟು ದಿನವೂ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ನಿಲ್ಲಿಸಿ, ಸ್ಪ್ಯಾನರ್ ಕೊಡಲು ಹೇಳಿ. ಮುಂದಿನ ಸಲ ಗಾಡಿ ಬಿಚ್ಚುವವರು ಅವರೇ.